ಬೆಟ್ಟದ ತುದಿಯ ಪಾತರಗಿತ್ತಿ: ಓದುಗರ ಪ್ರಶ್ನೆ, ನಮ್ಮ ಉತ್ತರ

ಕಳೆದ ಸಂಚಿಕೆಯಲ್ಲಿ ಯುರೋಪಿನ ಎತ್ತರದ ಬೆಟ್ಟಗಳ ಚಿಟ್ಟೆಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಬಿಳಿ ರೆಕ್ಕೆಯ ಅಪೋಲೊ, ಕಂದು ಬಣ್ಣದ ಎರೆಬಿಯಾ, ಕುರಿ ಮೇಯಿಸುವುದು ನಿಂತ ಮೇಲೆ ಅವು ಕಡಿಮೆಯಾದದ್ದು, ಬಿಸಿ ಏರಿದಂತೆ ಬೆಟ್ಟದ ಮೇಲಕ್ಕೆ ಹತ್ತುವುದು, ಇಷ್ಟೇ ಅದರಲ್ಲಿ ಇದ್ದದ್ದು. ಅಷ್ಟು ದೂರದ ವಿಷಯಕ್ಕೆ ನಮ್ಮ ಮೂರು ಜಿಲ್ಲೆಗಳಿಂದ ಇಷ್ಟೊಂದು ಪತ್ರ ಬಂದಿದ್ದು ನೋಡಿ ತುಂಬಾ ಖುಷಿಯಾಯಿತು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಸೇರಿಸಿ ಒಂದೇ ಮಾಡಿದ್ದೇನೆ.

ಪ್ರಶ್ನೆ: ನಮ್ಮ ಕಡೆ ಏಪ್ರಿಲ್ ತಿಂಗಳ ಸುಡು ಮಧ್ಯಾಹ್ನದಲ್ಲೂ ಎಕ್ಕೆ ಗಿಡದ ಸುತ್ತ ಪಾತರಗಿತ್ತಿ ಹಾರಾಡುತ್ತಿರುತ್ತದೆ. ಅದು ಬಿಸಿಲಿನ ಜೀವ. ಹಿಮ ಬೀಳುವ ಬೆಟ್ಟದಲ್ಲಿ ಹೇಗೆ ಬದುಕುತ್ತದೆ? ಚಳಿಗಾಲದಲ್ಲಿ ಕೆಳಗೆ ಇಳಿದು ಬರುತ್ತಾ?
(ಶಕ್ತಿನಗರ, ರಾಯಚೂರು ಜಿಲ್ಲೆ)

ಉತ್ತರ: ಇಳಿದು ಬರಲ್ಲ. ಅಲ್ಲೇ ಇರುತ್ತದೆ, ಆದರೆ ರೆಕ್ಕೆ ಇರುವ ಚಿಟ್ಟೆಯಾಗಿ ಅಲ್ಲ. ಅಪೋಲೊ ಚಳಿಗಾಲವನ್ನು ಮೊಟ್ಟೆಯೊಳಗೆ ಕಳೆಯುತ್ತದೆ. ಒಳಗೆ ಮರಿಹುಳ ಪೂರ್ತಿ ಬೆಳೆದಿರುತ್ತದೆ, ಆದರೂ ಹೊರಗೆ ಬರದೆ ಹಿಮ ಕರಗುವ ತನಕ ಕಾಯುತ್ತದೆ. ಎರೆಬಿಯಾ ಜಾತಿಯವು ಮರಿಹುಳದ ರೂಪದಲ್ಲಿ ಹುಲ್ಲಿನ ಬುಡದಲ್ಲಿ ಸೇರಿಕೊಳ್ಳುತ್ತವೆ. ಅಲ್ಲಿ ಬೇಸಿಗೆ ಎಷ್ಟು ಚಿಕ್ಕದು ಅಂದರೆ, ತುಂಬಾ ಎತ್ತರದಲ್ಲಿರುವ ಕೆಲವು ಜಾತಿಗಳಿಗೆ ಒಂದು ವರ್ಷದಲ್ಲಿ ಬೆಳೆದು ಮುಗಿಸಲು ಆಗುವುದೇ ಇಲ್ಲ, ಎರಡು ಚಳಿಗಾಲ ಬೇಕು.

ಇನ್ನೊಂದು ವಿಷಯ ಕೇಳಿದರೆ ನಿಮಗೆ ವಿಚಿತ್ರ ಅನ್ನಿಸಬಹುದು. ಹಿಮ ಆ ಹುಳಕ್ಕೆ ಶತ್ರು ಅಲ್ಲ, ಹೊದಿಕೆ. ದಪ್ಪ ಹಿಮದ ಕೆಳಗೆ ನೆಲದ ಉಷ್ಣಾಂಶ ಸೊನ್ನೆ ಡಿಗ್ರಿಯ ಆಸುಪಾಸಿನಲ್ಲೇ ನಿಂತಿರುತ್ತದೆ, ಮೇಲೆ ಗಾಳಿ ಅದಕ್ಕಿಂತ ಎಷ್ಟೋ ತಣ್ಣಗಿದ್ದರೂ. ಹಿಮ ಕಡಿಮೆ ಬಿದ್ದ ವರ್ಷ ನೆಲಕ್ಕೆ ನೇರವಾಗಿ ಚಳಿ ಹೊಡೆಯುತ್ತದೆ. ಹಾಗಾಗಿ 'ಬಿಸಿ ಜಾಸ್ತಿಯಾದರೆ ಚಿಟ್ಟೆಗೆ ಒಳ್ಳೆಯದೇ ಅಲ್ವಾ' ಅಂತ ಬರೆದಿದ್ದ ಇನ್ನೊಬ್ಬರಿಗೂ ಇದೇ ಉತ್ತರ: ಚಳಿಗಾಲ ಬೆಚ್ಚಗಾಗಿ ಹಿಮ ಕಡಿಮೆಯಾದರೆ ಮಲಗಿರುವ ಹುಳಕ್ಕೆ ಚಳಿ ಹೆಚ್ಚಾಗುವ ಸಾಧ್ಯತೆ ಇದೆ.

ಬೇಸಿಗೆಯಲ್ಲಿ ಹೊರಬಂದ ಎರೆಬಿಯಾವನ್ನು ಹತ್ತಿರದಿಂದ ನೋಡಿದರೆ ಅದರ ಉಪಾಯ ಗೊತ್ತಾಗುತ್ತದೆ. ರೆಕ್ಕೆ ಹೆಚ್ಚುಕಡಿಮೆ ಕಪ್ಪು ಅನ್ನುವಷ್ಟು ಗಾಢ ಕಂದು. ಅಂಚಿಗೆ ಸಮೀಪ ಕಿತ್ತಳೆ ಪಟ್ಟಿ, ಅದರೊಳಗೆ ಕರಿ ಚುಕ್ಕೆ, ಆ ಚುಕ್ಕೆಯ ನಡುವೆ ಸೂಜಿಮೊನೆಯಷ್ಟು ಬಿಳಿ. ಮೋಡ ಸರಿದ ತಕ್ಷಣ ಕಲ್ಲಿನ ಮೇಲೋ ಹುಲ್ಲಿನ ಮೇಲೋ ರೆಕ್ಕೆ ಅಗಲಿಸಿ ಕೂರುತ್ತದೆ. ಗಾಢ ಬಣ್ಣ ಬಿಸಿಲನ್ನು ಬೇಗ ಹೀರುತ್ತದೆ, ಮೈ ಕಾದ ಮೇಲೆ ಹಾರುತ್ತದೆ. ಮತ್ತೆ ಮೋಡ ಬಂದರೆ ಹುಲ್ಲಿನೊಳಗೆ ಇಳಿದು ಕಾಣೆಯಾಗುತ್ತದೆ. ಹೀಗೆ ಬಿಟ್ಟುಬಿಟ್ಟು ಸಿಗುವ ಬಿಸಿಲಿನಲ್ಲೇ ಜೋಡಿ ಹುಡುಕಬೇಕು, ಮೊಟ್ಟೆ ಇಡಬೇಕು.

ಪ್ರಶ್ನೆ: ನಾನು ಪಿಯುಸಿ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಚಿಟ್ಟೆಯ ಡಿಎನ್‌ಎ ನೋಡಬೇಕಾದರೆ ಅದನ್ನು ಸಾಯಿಸಲೇಬೇಕಾ? ಅಷ್ಟು ಕಷ್ಟಪಟ್ಟು ನೋಡಿ ಏನು ಗೊತ್ತಾಗಿದೆ?
(ಗಂಗಾವತಿ, ಕೊಪ್ಪಳ ಜಿಲ್ಲೆ)

ಉತ್ತರ: ಸಾಯಿಸಬೇಕಾಗಿಲ್ಲ ತಂಗಿ. ಈಗ ಒಂದು ಕಾಲಿನ ಚೂರು ಸಾಕು. ಬಲೆಯಲ್ಲಿ ಹಿಡಿದು, ಒಂದು ಕಾಲು ತೆಗೆದು ಆಲ್ಕೊಹಾಲ್ ಇರುವ ಪುಟ್ಟ ಟ್ಯೂಬಿಗೆ ಹಾಕಿ, ಚಿಟ್ಟೆಯನ್ನು ಹಾರಲು ಬಿಡುತ್ತಾರೆ. ಮೊದಲು ಹೀಗಿರಲಿಲ್ಲ. ಕಿಣ್ವಗಳನ್ನು ಹೋಲಿಸಿ ನೋಡುವ ಕಾಲದಲ್ಲಿ ಇಡೀ ಚಿಟ್ಟೆಯನ್ನೇ ತಣ್ಣಗೆ ಹೆಪ್ಪುಗಟ್ಟಿಸಿ ಲ್ಯಾಬಿಗೆ ಒಯ್ಯಬೇಕಿತ್ತು. ಮ್ಯೂಸಿಯಂಗಳಲ್ಲಿ ಸೂಜಿ ಚುಚ್ಚಿಟ್ಟ ಹಳೆಯ ಚಿಟ್ಟೆಗಳಿಂದಲೂ ಈಗ ಡಿಎನ್‌ಎ ತೆಗೆಯುತ್ತಾರೆ. ಅಳಿದುಹೋದ ಗುಂಪುಗಳ ಬಗ್ಗೆ ತಿಳಿಯಲು ಅದೊಂದೇ ದಾರಿ.

ಮೊದಲ ಹೆಜ್ಜೆಯಾಗಿ ಸಾಮಾನ್ಯವಾಗಿ ಓದುವುದು ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಸಿಒಐ ಎಂಬ ಜೀನ್‌ನ 658 ಅಕ್ಷರಗಳ ಒಂದು ತುಂಡನ್ನು. ಅದನ್ನೇ ಡಿಎನ್‌ಎ ಬಾರ್‌ಕೋಡ್ ಅನ್ನುವುದು. ನನ್ನ ಪ್ರಕಾರ ಅದೊಂದನ್ನೇ ನಂಬಿ ಕೂರಬಾರದು. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುತ್ತದೆ, ಹಾಗಾಗಿ ಅದು ಅರ್ಧ ಕಥೆ ಮಾತ್ರ ಹೇಳುತ್ತದೆ. ಪೂರ್ತಿ ಕಥೆಗೆ ನ್ಯೂಕ್ಲಿಯಸ್‌ನ ಡಿಎನ್‌ಎ ಕೂಡ ಬೇಕು.

ಏನು ಗೊತ್ತಾಗಿದೆ ಅಂದೆಯಲ್ಲ, ಅದು ಬಹಳ ಚೆನ್ನಾಗಿದೆ. ಸುಮಾರು 20,000 ವರ್ಷದ ಹಿಂದೆ ಹಿಮಯುಗ ಜೋರಾಗಿತ್ತು. ಯುರೋಪಿನ ದೊಡ್ಡ ಬೆಟ್ಟಸಾಲು ಆಲ್ಪ್ಸ್ ಬಹುಪಾಲು ಹಿಮನದಿಗಳ ಅಡಿಯಲ್ಲಿತ್ತು. ಚಳಿಗೆ ಒಗ್ಗಿದ ಚಿಟ್ಟೆಗಳು ಆಗ ಬೆಟ್ಟದ ತುದಿಯಲ್ಲಿ ಇರಲಿಲ್ಲ, ಬೆಟ್ಟದ ಅಂಚಿನಲ್ಲಿ ಅಲ್ಲಲ್ಲಿ, ಕೆಲವು ಜಾತಿ ತಗ್ಗಿನ ಬಯಲಲ್ಲೂ ಇದ್ದವು. ಭೂಮಿ ಬೆಚ್ಚಗಾದಾಗ ತಂಪು ಹುಡುಕಿಕೊಂಡು ಕೆಲವು ಉತ್ತರಕ್ಕೆ ಹೋದವು, ಕೆಲವು ಹತ್ತಿರದ ಬೆಟ್ಟ ಹತ್ತಿದವು. ನಡುವಿನ ಬಯಲು ಬಿಸಿಯಾಗಿ ದಾರಿ ಮುಚ್ಚಿತು. ಅದಕ್ಕೇ ಎರೆಬಿಯಾ ಎಪಿಫ್ರಾನ್ ಅನ್ನುವ ಒಂದೇ ಜಾತಿ ಇವತ್ತು ಪಿರನೀಸ್, ಆಲ್ಪ್ಸ್, ಕಾರ್ಪೇಥಿಯನ್ ಬೆಟ್ಟಗಳಲ್ಲಿ, ಸ್ಕಾಟ್ಲೆಂಡಿನಲ್ಲಿ ಬೇರೆಬೇರೆಯಾಗಿ ನಿಂತಿದೆ. ಹೊರಗಿನಿಂದ ಅವು ಒಂದೇ ಥರ ಕಂಡರೂ ಡಿಎನ್‌ಎ ನೋಡಿದರೆ ಯಾವ ಗುಂಪು ಎಷ್ಟು ಹಳೆಯ ಕಾಲದಿಂದ ಒಂಟಿಯಾಗಿದೆ ಅನ್ನುವುದು ಕಾಣುತ್ತದೆ. ಎರೆಬಿಯಾ ಜಾತಿಗಳನ್ನು ಹೀಗೆ ಹಿಂಬಾಲಿಸಿದವರಲ್ಲಿ ಜರ್ಮನಿಯ ಥಾಮಸ್ ಶ್ಮಿಟ್ ಮುಖ್ಯರು.

ನಿನಗೆ ಜೀವಶಾಸ್ತ್ರ ಇಷ್ಟ ಅಂತ ಬರೆದಿದ್ದೀಯ, ಹಾಗಾಗಿ ಇನ್ನೆರಡು ಹೇಳಿಬಿಡುತ್ತೇನೆ. ನಮಗೆ 23 ಜೊತೆ ಕ್ರೋಮೋಸೋಮ್. ಎರೆಬಿಯಾದಲ್ಲಿ ಟಿಂಡಾರಸ್ ಅನ್ನುವ ಒಂದು ಗುಂಪಿದೆ, ಅದರೊಳಗಿನ ಚಿಟ್ಟೆಗಳನ್ನು ಪಕ್ಕಪಕ್ಕ ಇಟ್ಟರೆ ಬೇರೆ ಮಾಡುವುದು ಪರಿಣತರಿಗೂ ಕಷ್ಟ. ಆದರೆ ಕ್ರೋಮೋಸೋಮ್ ಎಣಿಸಿದರೆ ಒಂದು ಜಾತಿಯಲ್ಲಿ 8 ಜೊತೆ, ಇನ್ನೊಂದರಲ್ಲಿ 50ಕ್ಕೂ ಹೆಚ್ಚು! ಮೊರಾಕ್ಕೊದ ಅಟ್ಲಾಸ್ ಬೆಟ್ಟಗಳ ಪುಟ್ಟ ನೀಲಿ ಚಿಟ್ಟೆಯೊಂದರಲ್ಲಿ ಒಟ್ಟು ಸುಮಾರು 450 ಕ್ರೋಮೋಸೋಮ್ ಇವೆ, ಚಿಟ್ಟೆಗಳಲ್ಲೆಲ್ಲ ಅದೇ ದಾಖಲೆ. ಎರಡನೆಯದು, ಆಲ್ಪ್ಸ್‌ನ ಸೀನೊನಿಂಫಾ ಡಾರ್ವಿನಿಯಾನಾ. ಕೆಳಗಿನ ಇಳಿಜಾರಿನ ಒಂದು ಜಾತಿ, ಎತ್ತರದ ಇನ್ನೊಂದು ಜಾತಿ, ಇವೆರಡರ ಬೆರಕೆಯಿಂದ ಹುಟ್ಟಿದ ಚಿಟ್ಟೆ ಅದು ಅಂತ ಡಿಎನ್‌ಎ ತೋರಿಸಿತು. ಅದು ಬದುಕುವುದೂ ಅವೆರಡರ ನಡುವಿನ ಎತ್ತರದಲ್ಲೇ.

ಪ್ರಶ್ನೆ: ನಾನು ನಿವೃತ್ತ ಶಾಲಾ ಶಿಕ್ಷಕ. ಕುರಿ, ಆಡು ಮೇಯ್ದು ಗುಡ್ಡ ಹಾಳಾಗುತ್ತದೆ ಅಂತ ಮಕ್ಕಳಿಗೆ ನಾವೇ ಪಾಠ ಹೇಳಿದ್ದೇವೆ. ನೀವು ನೋಡಿದರೆ ಕುರಿ ಇಲ್ಲದೆ ಚಿಟ್ಟೆ ಹೋಯಿತು ಅಂತ ಬರೆದಿದ್ದೀರಿ. ಯಾವುದು ನಿಜ?
(ಕುಷ್ಟಗಿ, ಕೊಪ್ಪಳ ಜಿಲ್ಲೆ)

ಉತ್ತರ: ಗುರುಗಳೇ, ಎರಡೂ ನಿಜ. ಎಷ್ಟು ಕುರಿ, ಯಾವ ಕಾಲದಲ್ಲಿ, ಯಾವ ನೆಲದಲ್ಲಿ ಅನ್ನುವುದರ ಮೇಲೆ ನಿಂತಿದೆ. ಇದಕ್ಕೆ ಇಂಗ್ಲೆಂಡಿನ 'ಲಾರ್ಜ್ ಬ್ಲೂ' ಎಂಬ ನೀಲಿ ಚಿಟ್ಟೆಯ ಕಥೆ ಹೇಳಲೇಬೇಕು. ಅದು ಎತ್ತರದ ಬೆಟ್ಟದ್ದಲ್ಲ, ಹುಲ್ಲಿನ ಇಳಿಜಾರಿನದ್ದು, ಆದರೆ ಬೆಟ್ಟದ ಚಿಟ್ಟೆಗಳನ್ನು ಕಾಯುವವರೆಲ್ಲ ಇದರಿಂದಲೇ ಕಲಿತಿದ್ದಾರೆ.

ಅದರ ಮರಿಹುಳ ಮೊದಲು ಥೈಮ್ ಗಿಡದ ಹೂವು ತಿನ್ನುತ್ತದೆ. ಸ್ವಲ್ಪ ದಿನಕ್ಕೆ ನೆಲಕ್ಕೆ ಬೀಳುತ್ತದೆ. ಕೆಂಪು ಇರುವೆಯೊಂದು ಬಂದು ಅದನ್ನು ತನ್ನದೇ ಮರಿ ಅಂದುಕೊಂಡು ಗೂಡಿಗೆ ಹೊತ್ತೊಯ್ಯುತ್ತದೆ. ಅಲ್ಲಿ ಸುಮಾರು ಹತ್ತು ತಿಂಗಳು ಇರುವೆಯ ಮರಿಗಳನ್ನೇ ತಿಂದು ಬೆಳೆಯುತ್ತದೆ. ಚಿಟ್ಟೆ ಕಡಿಮೆಯಾಗುತ್ತಿದೆ ಅಂತ ಗೊತ್ತಾದಾಗ ಜನ ಸಂಗ್ರಹಕಾರರನ್ನು ಬೈದರು. ಒಂದು ಜಾಗಕ್ಕೆ ಬೇಲಿಯನ್ನೂ ಹಾಕಿದರು. ಬೇಲಿ ಸಂಗ್ರಹಕಾರರ ಜೊತೆಗೆ ಮೇಯುವ ದನಕರುಗಳನ್ನೂ ತಡೆಯಿತು. ಹುಲ್ಲು ಬೆಳೆಯಿತು, ಚಿಟ್ಟೆ ಹೋಯಿತು! 1950ರ ದಶಕದಲ್ಲಿ ರೋಗ ಬಂದು ಮೊಲಗಳೂ ಸತ್ತವು, ಉಳಿದ ಕಡೆಯೂ ಹುಲ್ಲು ಎತ್ತರವಾಯಿತು. 1979ರಲ್ಲಿ ಚಿಟ್ಟೆ ಇಂಗ್ಲೆಂಡಿನಿಂದ ಅಳಿಯಿತು.

ಕಾರಣ ಹುಡುಕಿದವರು ಜೆರೆಮಿ ಥಾಮಸ್. ಚಿಟ್ಟೆಗೆ ಬೇಕಾದದ್ದು ಬರೀ ಕೆಂಪು ಇರುವೆ ಅಲ್ಲ, ಅದರಲ್ಲಿ ಮಿರ್ಮಿಕಾ ಸಬುಲೆಟಿ ಅನ್ನುವ ಒಂದೇ ಜಾತಿ. ಆ ಇರುವೆಗೆ ಬಿಸಿಲು ಬಿದ್ದು ಕಾದ ನೆಲ ಬೇಕು. ಹುಲ್ಲು ಕೆಲವೇ ಸೆಂಟಿಮೀಟರ್ ಜಾಸ್ತಿ ಎತ್ತರವಾದರೂ ನೆಲ ತಣ್ಣಗಾಗುತ್ತದೆ, ಆ ಇರುವೆ ಹೋಗಿ ಬೇರೆ ಇರುವೆ ಬರುತ್ತದೆ. ಇದು ತಿಳಿದ ಮೇಲೆ ದನ ಬಿಟ್ಟು ಹುಲ್ಲು ಗಿಡ್ಡ ಮಾಡಿಸಿ, 1983ರಿಂದ ಸ್ವೀಡನ್ನಿನ ಮರಿಹುಳಗಳನ್ನು ತಂದು ಬಿಟ್ಟರು. ಈಗ ನೈಋತ್ಯ ಇಂಗ್ಲೆಂಡಿನಲ್ಲಿ ಅದು ಮತ್ತೆ ಹಾರುತ್ತಿದೆ.

ಆಲ್ಪ್ಸ್, ಪಿರನೀಸ್ ಬೆಟ್ಟಗಳಲ್ಲೂ ವಿಷಯ ಹೆಚ್ಚುಕಡಿಮೆ ಇದೇ. ನೂರಾರು ವರ್ಷ ಅಲ್ಲಿನ ರೈತರು ಬೇಸಿಗೆಯಲ್ಲಿ ದನ, ಕುರಿ ಮೇಲೆ ಹೊಡೆದುಕೊಂಡು ಹೋಗುತ್ತಿದ್ದರು, ಚಳಿಗಾಲಕ್ಕೆ ಹುಲ್ಲು ಕೊಯ್ದು ಒಣಗಿಸಿ ಬಣವೆ ಹಾಕುತ್ತಿದ್ದರು. ಮಕ್ಕಳು ಪೇಟೆ ಸೇರಿದ ಮೇಲೆ ಇಳಿಜಾರಿನ ಹುಲ್ಲುಗಾವಲು ಹಾಗೇ ಬಿದ್ದವು. ಪೊದೆ ಬಂತು, ಆಮೇಲೆ ಮರ ಬಂತು, ಬಿಸಿಲು ಬೇಕಾದ ಚಿಟ್ಟೆಗೆ ಜಾಗ ಉಳಿಯಲಿಲ್ಲ. ಟ್ರ್ಯಾಕ್ಟರ್ ಹೋಗುವಂಥ ಸಮತಟ್ಟು ಜಾಗದಲ್ಲಿ ಇದರ ತದ್ವಿರುದ್ಧ: ಗೊಬ್ಬರ ಸುರಿದು ವರ್ಷಕ್ಕೆ ಹಲವು ಸಲ ಕೊಯ್ದು ಹೂವೇ ಇಲ್ಲದಂತೆ ಮಾಡಿದರು. ಹಳೆಯ ಹದ ಎರಡೂ ಕಡೆ ತಪ್ಪಿತು.

ಪೋಲೆಂಡಿನ ಪಿಯೆನಿನಿ ಬೆಟ್ಟದ ಅಪೋಲೊ ಕಥೆಯಲ್ಲಿ ಜೀನ್ ವಿಷಯವೂ ಸೇರಿಕೊಂಡಿದೆ. ಅದರ ಮರಿಹುಳ ಕಪ್ಪು ಮಖಮಲ್ಲಿನಂಥ ಮೈಯದು, ಪಕ್ಕದಲ್ಲಿ ಕಿತ್ತಳೆ ಚುಕ್ಕೆಗಳ ಸಾಲು, ತಿನ್ನುವುದು ಸೀಡಮ್ ಅನ್ನುವ ದಪ್ಪ ಎಲೆಯ ಗಿಡ. ನಮ್ಮ ಕಾಡುಬಸಳೆಯ ಕುಟುಂಬದ್ದೇ ಅದು. ಬಂಡೆಗಳ ಮೇಲೆ ಮರ ಬೆಳೆದು ನೆರಳಾಗಿ ಸೀಡಮ್ ಕಡಿಮೆಯಾಯಿತು. 1990ರ ದಶಕದ ಶುರುವಿನಲ್ಲಿ ಇಡೀ ಬೆಟ್ಟದಲ್ಲಿ ಉಳಿದದ್ದು ಇಪ್ಪತ್ತು ಮೂವತ್ತು ಚಿಟ್ಟೆ ಮಾತ್ರ. ಪೊದೆ ಕಡಿದು ಬಂಡೆಗೆ ಬಿಸಿಲು ಬೀಳುವಂತೆ ಮಾಡಿದರು, ಸಾಕಿ ಬೆಳೆಸಿ ಬಿಟ್ಟರು, ಸಂಖ್ಯೆ ಏರಿತು. ಆದರೆ ಕೆಲವು ಚಿಟ್ಟೆಗಳು ಮುರುಟಿದ ರೆಕ್ಕೆಯಲ್ಲಿ ಹುಟ್ಟಿದವು, ಕೆಲವಕ್ಕೆ ರೆಕ್ಕೆ ಪೂರ್ತಿ ಬರಲೇ ಇಲ್ಲ. ಪರೀಕ್ಷೆ ಮಾಡಿದಾಗ ಅಂಥ ಚಿಟ್ಟೆಗಳಲ್ಲಿ 'ವಿಂಗ್‌ಲೆಸ್' ಎಂಬ ಜೀನ್‌ನಲ್ಲಿ ದೋಷ ಸಿಕ್ಕಿತು. ನಿಮ್ಮ ಕಡೆಯ ಕುರಿಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಟ್ಟಿಯಲ್ಲಿ ಒಂದೇ ಟಗರನ್ನು ವರ್ಷಗಟ್ಟಲೆ ಇಟ್ಟರೆ ಮರಿ ಕುಂದುತ್ತವೆ ಅಂತ ಅವರು ಬೇರೆ ಹಿಂಡಿನ ಟಗರು ತರುತ್ತಾರಲ್ಲ, ಒಂಟಿ ಬೆಟ್ಟದ ಚಿಟ್ಟೆಗೆ ಹಾಗೆ ಹೊರಗಿನಿಂದ ಬರುವವರು ಯಾರೂ ಇರುವುದಿಲ್ಲ.

ಹಾಗಂತ ಎಲ್ಲಿಂದಲೋ ತಂದು ಬೆರೆಸಿದರೆ ಆಯ್ತಾ? ಇಲ್ಲಿ ನಾನು ತುಂಬಾ ಜಾಗ್ರತೆ ಇರಲಿ ಅನ್ನುವ ಪಕ್ಷ. ಸಾವಿರಾರು ವರ್ಷ ಒಂದು ಬೆಟ್ಟದ ಚಳಿಗೆ, ಅಲ್ಲಿನ ಗಿಡಕ್ಕೆ ಒಗ್ಗಿದ ಗುಂಪನ್ನು ಮೊದಲು ಅಲ್ಲೇ ಹೆಚ್ಚಾಗಲು ಬಿಡಬೇಕು. ಹತ್ತಿರದ ಗುಂಪುಗಳ ನಡುವೆ ಬಿಸಿಲಿನ ದಾರಿ ತೆರೆದುಕೊಟ್ಟರೆ ಅವೇ ಹೋಗಿ ಬಂದು ಮಾಡುತ್ತವೆ. ಬೇರೆ ಕಡೆಯಿಂದ ತರುವುದು ಕೊನೆಯ ಉಪಾಯ, ಅದೂ ಡಿಎನ್‌ಎ ನೋಡಿ, ಹತ್ತಿರದ ಸಂಬಂಧ ಇರುವ ಗುಂಪಿನಿಂದ.

ನಮ್ಮ ಗುಡ್ಡಗಳಿಗೆ ಈ ಪಾಠ ಹಾಗೇ ಹೊಂದುವುದಿಲ್ಲ ಗುರುಗಳೇ. ಮಳೆ ಬೇರೆ, ಹುಲ್ಲು ಬೇರೆ, ಕುರಿಗಳ ಒತ್ತಡ ಬೇರೆ. ಆದರೆ ಹುಲ್ಲಿನ ಬಯಲನ್ನು 'ಬರಡು' ಅಂತ ಕರೆದು ಅಲ್ಲೆಲ್ಲ ಮರ ನೆಡುವುದನ್ನು ನಾನು ಒಪ್ಪುವುದಿಲ್ಲ. ನಿಮ್ಮದೇ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳು ಉಳಿದದ್ದು ಕುರುಚಲು ಮತ್ತು ಹುಲ್ಲಿನ ನೆಲದಲ್ಲೇ ಅಲ್ವಾ?

ಪ್ರಶ್ನೆ: ಆನ್‌ಲೈನ್‌ನಲ್ಲಿ ಗಾಜಿನ ಫ್ರೇಮ್ ಹಾಕಿದ ಅಪೋಲೊ ಚಿಟ್ಟೆ ಮಾರಾಟಕ್ಕಿದೆ. ಮಗಳ ಹುಟ್ಟುಹಬ್ಬಕ್ಕೆ ಕೊಡಬಹುದಾ?
(ಸಿಂಧನೂರು, ರಾಯಚೂರು ಜಿಲ್ಲೆ)

ಉತ್ತರ: ದಯವಿಟ್ಟು ಬೇಡ. ಅಪೋಲೊ ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರದ ಒಪ್ಪಂದ ಸೈಟಿಸ್‌ನ ಎರಡನೇ ಪಟ್ಟಿಯಲ್ಲಿದೆ, ಪರವಾನಗಿ ಇಲ್ಲದೆ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಹೋಗುವಂತಿಲ್ಲ. ನಮ್ಮ ದೇಶದ ಅನೇಕ ಚಿಟ್ಟೆಗಳಿಗೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಪೋಲೊಗೆ ಒಂದೊಂದು ಕಣಿವೆಯದ್ದಕ್ಕೂ ಒಂದೊಂದು ಉಪಜಾತಿಯ ಹೆಸರಿಟ್ಟು, ಅಂಥ ಹೆಸರುಗಳು ಇನ್ನೂರಕ್ಕೂ ಮೇಲೆ ಹೋಗಿವೆ. ಸಂಗ್ರಹಕಾರರಿಗೆ ಒಂದೊಂದು ಹೆಸರೂ ಒಂದೊಂದು ಆಸೆ. ಮಗಳಿಗೆ ಒಂದು ಕುಂಡದಲ್ಲಿ ಕಾಡುಬಸಳೆ ನೆಟ್ಟುಕೊಡಿ. ಕೆಂಪು, ಕಪ್ಪು, ಬಿಳಿ ಬಣ್ಣದ 'ರೆಡ್ ಪಿಯೆರೊ' ಎಂಬ ಪುಟ್ಟ ಚಿಟ್ಟೆ ಅದರ ಮೇಲೆ ಮೊಟ್ಟೆ ಇಡುತ್ತದೆ. ಅದರ ಮರಿಹುಳ ಎಲೆಯ ಎರಡು ಪೊರೆಗಳ ನಡುವೆ ಹೊಕ್ಕು ಒಳಗಿನ ತಿರುಳನ್ನೇ ತಿನ್ನುತ್ತದೆ. ಎಲೆಯನ್ನು ಬೆಳಕಿಗೆ ಹಿಡಿದರೆ ಹುಳ ಒಳಗೆ ಓಡಾಡುವುದು ಕಾಣುತ್ತದೆ.

ಪ್ರಶ್ನೆ: ನಮ್ಮ ಸಂಡೂರಿನ ಗುಡ್ಡಗಳಲ್ಲಿ ಕೆಳಗಿನ ಬಳ್ಳಾರಿಗಿಂತ ತಂಪು. ಬಿಸಿ ಏರಿದರೆ ಯುರೋಪಿನ ಚಿಟ್ಟೆ ಮೇಲೆ ಹತ್ತುತ್ತವೆ ಅಂತೀರಿ, ತುದಿ ಮುಟ್ಟಿದ ಮೇಲೆ ಎಲ್ಲಿಗೆ ಹೋಗಬೇಕು? ಗಣಿ ಮುಗಿದ ಜಾಗಗಳಲ್ಲಿ ಚಿಟ್ಟೆ ಬದುಕಬಲ್ಲವೇ?
(ಸಂಡೂರು, ಬಳ್ಳಾರಿ ಜಿಲ್ಲೆ)

ಉತ್ತರ: ತುದಿ ಮುಟ್ಟಿದ ಮೇಲೆ ಹೋಗಲು ಜಾಗ ಇಲ್ಲ. ಇದು ಸುಮ್ನೆ ಹೆದರಿಸುವ ಮಾತಲ್ಲ. ಸ್ಪೇನಿನ ಗ್ವಾಡರಾಮಾ ಬೆಟ್ಟಗಳಲ್ಲಿ 16 ಜಾತಿಯ ಚಿಟ್ಟೆಗಳನ್ನು 30 ವರ್ಷದ ಅಂತರದಲ್ಲಿ ಹೋಲಿಸಿ ನೋಡಿದರು. ಅವು ಸಿಗುತ್ತಿದ್ದ ಅತಿ ಕೆಳಗಿನ ಮಟ್ಟ ಸರಾಸರಿ 212 ಮೀಟರ್ ಮೇಲೆ ಸರಿದಿತ್ತು. ಆ ಅವಧಿಯಲ್ಲಿ ಅಲ್ಲಿ ಉಷ್ಣಾಂಶ ಏರಿದ್ದು 1.3 ಡಿಗ್ರಿ. ನೂರು ಮೀಟರ್ ಹತ್ತಿದರೆ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ ತಂಪಾಗುತ್ತದೆ, ಲೆಕ್ಕ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. ಬೆಟ್ಟ ಮೇಲೆ ಹೋದಷ್ಟೂ ಕಿರಿದಾಗುತ್ತದೆ, ಅಂದರೆ ಹತ್ತಿದ ಪ್ರತಿ ಮೀಟರಿಗೂ ನೆಲ ಕಡಿಮೆ. ದಕ್ಷಿಣ ಸ್ಪೇನಿನ ಸಿಯೆರಾ ನೆವಾಡಾದಲ್ಲಿ ಜುಲಿಚಿ ಎಂಬ ಒಂದು ಪುಟ್ಟ ನೀಲಿ ಚಿಟ್ಟೆ ಸುಮಾರು 2500 ಮೀಟರಿನಿಂದ ಮೇಲೆ ಮಾತ್ರ ಇದೆ. ಲೋಕದಲ್ಲಿ ಬೇರೆಲ್ಲೂ ಇಲ್ಲ.

ಎತ್ತಿಕೊಂಡು ಹೋಗಿ ಬೇರೆ ಬೆಟ್ಟದಲ್ಲಿ ಬಿಡಬಹುದಾ ಅಂದರೆ, ಒಂದು ಹಳೆಯ ಉದಾಹರಣೆ ಇದೆ. ಈಗಿನ ಚೆಕ್ ದೇಶದ ಯೆಸೆನಿಕ್ ಬೆಟ್ಟದಿಂದ 1932-33ರಲ್ಲಿ ಎರೆಬಿಯಾ ಎಪಿಫ್ರಾನ್ ಚಿಟ್ಟೆಗಳನ್ನು ಒಯ್ದು, ಅವು ಇರದಿದ್ದ ಕ್ರ್ಕೊನೊಶೆ ಬೆಟ್ಟದಲ್ಲಿ ಬಿಟ್ಟರು. ಇವತ್ತಿಗೂ ಅಲ್ಲಿ ಅವು ಚೆನ್ನಾಗಿವೆ. ಆದರೆ ಹೋಗಲು ತಂಪಾದ ಇನ್ನೊಂದು ಬೆಟ್ಟ ಹತ್ತಿರದಲ್ಲೇ ಇದ್ದದ್ದಕ್ಕೆ ಅದು ಆಯಿತು.

ಗಣಿಯ ಬಗ್ಗೆ ಕೇಳಿದ್ದು ಒಳ್ಳೆಯದಾಯಿತು. ಇಂಗ್ಲೆಂಡಿನಲ್ಲಿ 1999-2000ರಲ್ಲಿ ತಗ್ಗು ಪ್ರದೇಶದ ಎರಡು ಚಿಟ್ಟೆ ಜಾತಿಗಳನ್ನು ಅವುಗಳ ಗಡಿಗಿಂತ ಸುಮಾರು 65 ಮತ್ತು 35 ಕಿಲೋಮೀಟರ್ ಉತ್ತರಕ್ಕೆ ಒಯ್ದು ಬಿಟ್ಟರು. ಬಿಟ್ಟ ಜಾಗ ಎರಡೂ ಕೆಲಸ ನಿಂತ ಹಳೆಯ ಕ್ವಾರಿಗಳು. ಎರಡೂ ಬೇರೂರಿದವು. ಹಾಗಾಗಿ ಅಗೆದು ಬಿಟ್ಟ ನೆಲ ಸತ್ತೇ ಹೋಯಿತು ಅಂತ ಕೈಬಿಡಬೇಕಾಗಿಲ್ಲ. ಆದರೆ ಆ ಕ್ವಾರಿಗಳಲ್ಲಿ ಮರಿಹುಳಕ್ಕೆ ಬೇಕಾದ ಹುಲ್ಲು ಮೊದಲೇ ಬೆಳೆದಿತ್ತು. ಗಣಿ ಮುಚ್ಚಿ ಒಂದೇ ಥರದ ಮರವನ್ನು ಸಾಲಾಗಿ ನೆಟ್ಟರೆ ದೂರದಿಂದ ಹಸಿರು ಕಾಣುತ್ತದೆ, ಚಿಟ್ಟೆಗೆ ಅಲ್ಲಿ ಊಟ ಇಲ್ಲ. ಪಕ್ಕದ ಗುಡ್ಡದಲ್ಲಿರುವ ಹುಲ್ಲು, ಬಳ್ಳಿ, ತಂಗಡಿ, ಕಕ್ಕೆ ಇವುಗಳ ಬೀಜವೇ ಅಲ್ಲಿಗೆ ಬರಬೇಕು. ಇನ್ನೂ ಅಗೆಯದ ತುದಿಗಳನ್ನು ಹಾಗೇ ಬಿಡುವುದು ಅದಕ್ಕಿಂತ ಮುಖ್ಯ, ಬೀಜ ಬರಬೇಕಾದದ್ದೂ ಅಲ್ಲಿಂದಲೇ.

ಪ್ರಶ್ನೆ: ಯುರೋಪಿನವರ ಹತ್ತಿರ ಎಷ್ಟೊಂದು ವರ್ಷದ ಚಿಟ್ಟೆಗಳ ಲೆಕ್ಕ ಇದೆ. ನಮ್ಮ ಕಾಲೇಜಿನ ಹುಡುಗರು ಅಂಥದ್ದು ಶುರು ಮಾಡಬಹುದಾ? ಉಪಕರಣ ಏನು ಬೇಕು?
(ಬಳ್ಳಾರಿ)

ಉತ್ತರ: ಖಂಡಿತ ಮಾಡಬಹುದು. ನೋಟ್‌ಬುಕ್, ಪೆನ್ನು, ಕೈಯಲ್ಲಿರುವ ಫೋನು ಸಾಕು. ಬ್ರಿಟನ್ನಿನಲ್ಲಿ 1976ರಲ್ಲಿ ಶುರುವಾದ ಎಣಿಕೆಯ ಪದ್ಧತಿ ಬಹಳ ಸರಳ. ಒಂದು ದಾರಿ ಗುರುತು ಮಾಡಿಕೊಳ್ಳಿ. ವಾರಕ್ಕೊಂದು ಸಲ ಅದೇ ದಾರಿಯಲ್ಲಿ ಒಂದೇ ವೇಗದಲ್ಲಿ ನಡೆಯಿರಿ. ನಿಮ್ಮ ಎಡಕ್ಕೂ ಬಲಕ್ಕೂ ಎರಡೂವರೆ ಮೀಟರ್, ಮುಂದೆ ಐದು ಮೀಟರ್, ಅಷ್ಟರೊಳಗೆ ಕಂಡದ್ದನ್ನು ಮಾತ್ರ ಬರೆಯಿರಿ. ಆಚೆ ಎಷ್ಟೇ ಚಂದದ ಚಿಟ್ಟೆ ಕಂಡರೂ ಲೆಕ್ಕಕ್ಕೆ ಬೇಡ. ಅಲ್ಲಿ ಬಿಸಿಲಿಗಾಗಿ ಮಧ್ಯಾಹ್ನದ ಆಸುಪಾಸಿನಲ್ಲಿ ನಡೆಯುತ್ತಾರೆ, ನಮ್ಮಲ್ಲಿ ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ ಮುಗಿಸುವುದು ಒಳ್ಳೆಯದು.

ಒಂದು ಚಿಟ್ಟೆಯೂ ಕಾಣದ ದಿನ ಸೊನ್ನೆ ಅಂತ ಬರೆಯಲೇಬೇಕು. ಹುಡುಗರು ಬಿಡುವುದು ಇದನ್ನೇ. ಸೊನ್ನೆ ಬರೆಯದಿದ್ದರೆ ಮುಂದೆ ನೋಡುವವರಿಗೆ ಅವತ್ತು ಚಿಟ್ಟೆ ಇರಲಿಲ್ಲವೋ, ನೀವೇ ಹೋಗಲಿಲ್ಲವೋ ಗೊತ್ತಾಗುವುದಿಲ್ಲ. ಹೆಸರು ಗೊತ್ತಾಗದಿದ್ದರೆ ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡರ ಫೋಟೊ ತೆಗೆದು ಐನ್ಯಾಚುರಲಿಸ್ಟ್‌ಗೆ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಹಾಕಿ, ತಿಳಿದವರು ಹೇಳುತ್ತಾರೆ. ಹೂವಿನ ಜೊತೆ ಮರಿಹುಳದ ಗಿಡವನ್ನೂ ಬರೆದುಕೊಳ್ಳಿ: ಎಕ್ಕೆ, ಔಡಲ, ಕರಿಬೇವು, ನಿಂಬೆ. ಕ್ಯಾಂಪಸ್ಸಿನಲ್ಲಿ ಕಳೆ ಅಂತ ಔಷಧಿ ಹೊಡೆಯುವ ದಿನವನ್ನೂ ಬರೆದಿಡಿ. ಮಳೆ ಬಿದ್ದು ಹದಿನೈದು ದಿನಕ್ಕೆ ಶುರು ಮಾಡಿದರೆ ಹೊಸಬರಿಗೆ ಸುಲಭ, ಆಗ ಚಿಟ್ಟೆ ಜಾಸ್ತಿ ಇರುತ್ತವೆ. ದಾರಿಯ ನಕ್ಷೆಯನ್ನು ಮಾತ್ರ ಮೊದಲೇ ಬರೆದು ಕಾಲೇಜಿನ ಪ್ರಯೋಗಾಲಯದಲ್ಲಿ ಇಟ್ಟುಬಿಡಿ, ಈ ಬ್ಯಾಚು ಮುಗಿದು ಮುಂದಿನವರು ಬಂದಾಗ ಅದೇ ದಾರಿಯಲ್ಲಿ ನಡೆಯಬೇಕು.